ಆಪತ್ಕಾಲದ ಗಣಕಯಂತ್ರವೂ ಜನರ ಹೆಸರೂ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಎಂದಿನಂತೆ ಷಟ್ಪದಿಯ ಲಯವನ್ನು ಕುರಿತೋ ಸಮಾಸ ಪ್ರಕರಣವನ್ನು ಕುರಿತೋ ನಾಲ್ಕು ಪುಟ ಬರೆದುಕೊಟ್ಟು ಋಣಮುಕ್ತನಾಗಬಹುದೆಂದು ಎಣಿಸಿದ್ದೆನು. ಆದರೆ ಮಿತ್ರರು ಬಿಡಲಿಲ್ಲ. "ಈ ಸಲ ತಮ್ಮ ಕೇಶಿರಾಜನಿಗೆ ವಿಶ್ರಾಂತಿ ಕೊಡಿರಿ, ನೆರೆ ಬರ ರೋಗಗಳು ಒದಗಿದಾಗ ಸರ್ಕಾರವು ಗಣಕಯಂತ್ರವನ್ನು ಹೇಗೆ ಬಳಸುತ್ತಿದೆಯೆಂಬುದನ್ನು ಕುರಿತು ಬರೆಯಿರಿ" ಎಂದು ಪಟ್ಟುಹಿಡಿದರು. ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಮೊದಲು ಅನ್ನಿಸಿದ್ದುಂಟು. ಯೋಚಿಸಿದಂತೆಲ್ಲ ಸಂಬಂಧವು ಬಲು ನಿಕಟವಾದದ್ದೆಂದೂ, ಅದರಲ್ಲಿ ನನ್ನ ಪಾಲಿನ ಅಪರಾಧವೊಂದು ಸೇರಿಕೊಂಡಿದೆಯೆಂದೂ ಅರಿವಾಯಿತು. ಕೇಶಿರಾಜನನ್ನು ಬಿಟ್ಟಿರುವುದಂತೂ ನನ್ನಿಂದ ಆಗಲಿಲ್ಲ. ಅದನ್ನು ವಾಚಕರು ಮುಂದೆ ಕಾಣುವರು.

ಮೊದಲಿಗೆ ನ್ಯಾಯವಾದ ಮಾತನ್ನು ಹೇಳಿಬಿಡುತ್ತೇನೆ. ಯಂತ್ರವೆಂದೊಡನೆ ಮುಖ ಸಿಂಡರಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಪರಿಹಾರದ ಹಣವು ತಾಲ್ಲೂಕು ಕಚೇರಿಯಿಂದ ಹೊರಟು ರೈತನ ಹೊಸ್ತಿಲನ್ನು ಮುಟ್ಟುವುದರೊಳಗಾಗಿ ಎಷ್ಟು ಕೈಗಳನ್ನು ಹಾದು ಎಷ್ಟು ಸವೆಯುತ್ತಿತ್ತೆಂಬುದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದಾರೆ. 2000ದ ಸುಮಾರಿಗೆ 'ಭೂಮಿ' ಯೋಜನೆ ಜಾರಿಗೆ ಬಂದು ಕೈಬರಹದ ಪಹಣಿ ನಿಂತ ಮೇಲೆ, ಒಂದು ಹಾಳೆಗಾಗಿ ತಲಾಠಿಯ ಮನೆಯ ಕಟ್ಟೆಯ ಮೇಲೆ ಮೂರು ದಿನ ಕುಳಿತುಕೊಳ್ಳುವ ದೈನ್ಯವು ತಪ್ಪಿತು. ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ಬಿದ್ದ ಮಳೆಯನ್ನು ತಾವಾಗಿಯೇ ರಾಜಧಾನಿಗೆ ತಿಳಿಸುತ್ತವೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆಗ 'ಫ್ರೂಟ್ಸ್' ಎಂಬ ರೈತರ ನೋಂದಣಿಯ ಆಧಾರದ ಮೇಲೆ ಪರಿಹಾರವು 2024ರಲ್ಲಿ ನೇರವಾಗಿ ರೈತರ ಬ್ಯಾಂಕ್ ಖಾತೆಗಳಿಗೆ ಸಂದಾಯವಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರುಗಳ ಮಿತಿಯೊಳಗೆ ಎಂಬುದು ಆಗಿನ ನಿಯಮವಾಗಿತ್ತು. ಮೊತ್ತ ಸಾಲದೆಂದು ವಾದಿಸಬಹುದು. ನಡುವೆ ಯಾರೂ ಕೈಯೊಡ್ಡಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಆದರೆ ಸುದ್ದಿಯು ವೇಗವಾಗಿ ತಲುಪುವುದೂ ಅನ್ನವು ಸರಿಯಾದ ಕೈಗೆ ತಲುಪುವುದೂ ಒಂದೇ ಅಲ್ಲ. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು, ಎಂದರೆ 1876ರಿಂದ 1878ರವರೆಗಿನ ಬರವನ್ನು, ನಮ್ಮ ಹಿರಿಯರು ನೆನೆದಾಗಲೆಲ್ಲ ನಿಟ್ಟುಸಿರಿಡುತ್ತಿದ್ದರು. ಆ ಕಾಲಕ್ಕಾಗಲೇ ತಂತಿಯ ವ್ಯವಸ್ಥೆಯಿತ್ತು, ರೈಲು ಬೆಂಗಳೂರಿಗೆ ಬಂದಾಗಿತ್ತು. ಹೊಸ ಯಂತ್ರಗಳ ವಿಷಯದಲ್ಲಿ ಆ ಸರ್ಕಾರಕ್ಕೆ ಕೊರತೆಯಿರಲಿಲ್ಲ. ಆದಾಗ್ಯೂ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ತಂತಿಯು ವರ್ತಮಾನವನ್ನು ಒಯ್ಯಿತು. ಹಸಿದವನು ಯಾರು, ಅವನಿಗೆಷ್ಟು ಎಂಬುದನ್ನು ನಿರ್ಣಯಿಸುವವರು ದೂರದಲ್ಲಿ ಕುಳಿತಿದ್ದರು.

ಈ ದೂರವು ಇಂದು ಮತ್ತೊಂದು ವೇಷದಲ್ಲಿ ಬಂದಿದೆ. ಕೋವಿಡ್ ವ್ಯಾಧಿಯ ಕಾಲದಲ್ಲಿ ಲಸಿಕೆಯ ಅಭಿಯಾನವು 2021ರ ಜನವರಿ 16ರಂದು ಆರಂಭವಾಯಿತು. ಅದರ ಲೆಕ್ಕವೆಲ್ಲ 'ಕೋವಿನ್' ಎಂಬ ಜಾಲತಾಣದಲ್ಲಿ. ಮೇ 1ರಿಂದ 18 ವರ್ಷ ಮೀರಿದವರಿಗೂ ಲಸಿಕೆಯೆಂದು ಸಾರಿದಾಗ, 45ರೊಳಗಿನವರು ಮುಂಗಡವಾಗಿ ಅದೇ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡೇ ಬರಬೇಕೆಂದು ಕಟ್ಟುಮಾಡಿದರು. ನೋಂದಾಯಿಸುವ ಪುಟವಾದರೋ ಇಂಗ್ಲಿಷಿನಲ್ಲಿ. ಹಿಂದಿ, ಕನ್ನಡ ಮೊದಲಾದ ದೇಶಭಾಷೆಗಳು ಅಲ್ಲಿ ಕಾಣಿಸಿಕೊಂಡದ್ದು ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ಎರಡನೆಯ ಅಲೆಯ ಅತ್ಯಂತ ಘೋರವಾದ ದಿನಗಳು ಕಳೆದುಹೋಗಿದ್ದವು. ಓದುಬರಹವಿಲ್ಲದ, ಜಾಲದ ಸಂಪರ್ಕವಿಲ್ಲದ ಗ್ರಾಮಸ್ಥರು ಏನು ಮಾಡಬೇಕೆಂದು ಸುಪ್ರೀಂ ಕೋರ್ಟೇ ಸರ್ಕಾರವನ್ನು ಪ್ರಶ್ನಿಸಬೇಕಾಯಿತು. ನಮ್ಮ ಶಾಲೆಯ ಇಬ್ಬರು ತರುಣ ಶಿಕ್ಷಕರು ಊರ ಪಂಚಾಯಿತಿಯ ಕಟ್ಟೆಯ ಮೇಲೆ ಮೊಬೈಲುಗಳನ್ನು ಹಿಡಿದು ಕುಳಿತು ಜನರ ಹೆಸರುಗಳನ್ನು ಸೇರಿಸಿದರು. ಅವರ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನಗೆ ಒಂದು ಸಂಗತಿ ಸ್ಪಷ್ಟವಾಯಿತು: ಜನರಿಗೆ ಕಷ್ಟವಾದದ್ದು ಯಂತ್ರವನ್ನು ಒತ್ತುವುದಲ್ಲ, ತಮ್ಮ ಹೆಸರನ್ನು ಯಂತ್ರವು ಒಪ್ಪುವಂತೆ ಹೇಳುವುದು. "ಆಧಾರದಾಗ ಹೆಂಗೈತೋ ಹಂಗ ಬರೀರಿ" ಎಂದು ಒಬ್ಬೊಬ್ಬರೂ ಹೇಳುತ್ತಿದ್ದರು. ತನ್ನ ಹೆಸರು ಏನೆಂದು ತಾನು ಹೇಳಲಾರದೆ ಚೀಟಿಯನ್ನು ಮುಂದೆ ಚಾಚುವ ಈ ಸ್ಥಿತಿಯು ನನಗೆ ವಿಚಿತ್ರವಾಗಿ ತೋರಿತು.

ಇನ್ನು ನನ್ನ ಅಪರಾಧದ ಕಥೆ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆಗಳು ಏಕಕಾಲದಲ್ಲಿ ಉಕ್ಕಿ ಹರಿದು ಉತ್ತರ ಕರ್ನಾಟಕದ ನದೀತೀರಗಳನ್ನು ಮುಳುಗಿಸಿದ್ದು ಎಲ್ಲರ ನೆನಪಿನಲ್ಲಿಯೂ ಇದೆ. ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳನ್ನು ಸಕ್ಕರೆಯ ಗೊಂಬೆಗಳಂತೆ ಕರಗಿಸಿತು. ನೆರೆಗೆ ಸಿಕ್ಕ ಕುಟುಂಬಕ್ಕೆ ತತ್ಕಾಲಕ್ಕೆ 10,000 ರೂಪಾಯಿ, ಮನೆ ಪೂರ್ಣ ಬಿದ್ದವರಿಗೆ ಕಟ್ಟಿಕೊಳ್ಳಲು 5 ಲಕ್ಷ ರೂಪಾಯಿ ಎಂದು ಸರ್ಕಾರವು ಘೋಷಿಸಿತು. ಬಿದ್ದ ಮನೆಯ ಚಿತ್ರವನ್ನು ಅಕ್ಷಾಂಶ ರೇಖಾಂಶ ಸಹಿತವಾಗಿ ತೆಗೆದು ಗಣಕಯಂತ್ರಕ್ಕೆ ಏರಿಸುವುದು, ಹೊಸ ಮನೆಯ ತಳಪಾಯ, ಗೋಡೆ, ಚಾವಣಿ ಎಂದು ಹಂತಹಂತಕ್ಕೂ ಚಿತ್ರ ತೆಗೆದು ಕಂತುಕಂತಾಗಿ ಹಣವನ್ನು ಖಾತೆಗೆ ಹಾಕುವುದು ಎಂಬ ಕ್ರಮವನ್ನು ಅನುಸರಿಸಿದರು. ಕ್ರಮವು ಒಳ್ಳೆಯದೇ.

ಮನೆ ಕಳೆದುಕೊಂಡವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿದ್ದನು. ಅವನ ನಿಜನಾಮವನ್ನು ಇಲ್ಲಿ ಬರೆಯುವುದು ಉಚಿತವಲ್ಲ; ಅದೇ ಬಗೆಯ ಹೆಸರೊಂದನ್ನು ಇಟ್ಟುಕೊಂಡು ಈರಪ್ಪ ಎನ್ನೋಣ. ಬಿದ್ದ ಮನೆಯ ಮುಂದೆ ಅವನನ್ನು ನಿಲ್ಲಿಸಿ ಚಿತ್ರ ತೆಗೆದುಕೊಂಡು ಹೋದರು. ಮೊದಲ 10,000 ರೂಪಾಯಿ ಹೇಗೋ ಸಂದಿತು. ಮುಂದಿನದು ಬರಲಿಲ್ಲ. ವಿಚಾರಿಸಲಾಗಿ, ಪಂಚಾಯಿತಿಯ ಮನೆಪುಸ್ತಕದಲ್ಲಿ ಈರಪ್ಪ, ಆಧಾರ್ ಚೀಟಿಯಲ್ಲಿಯೂ ಬ್ಯಾಂಕಿನಲ್ಲಿಯೂ ವೀರಪ್ಪ. ಇಬ್ಬರೂ ಒಬ್ಬರೇ ಎಂಬುದಕ್ಕೆ ದಾಖಲೆ ಏನು ಎಂದರು. ಕಚೇರಿಯ ಗುಮಾಸ್ತನು ಅದೇ ಊರಿನವನು, ಈರಪ್ಪನನ್ನು ಹುಟ್ಟಿನಿಂದ ಬಲ್ಲವನು. "ನನಗ ಗೊತ್ತೈತೋ ಮಾರಾಯ, ಕಂಪ್ಯೂಟರಿಗೆ ಗೊತ್ತಿಲ್ಲಲ್ಲ" ಎಂದನಂತೆ. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿದ್ದಾಯಿತು, ವಕೀಲರಿಗೆ ಕೊಟ್ಟದ್ದಾಯಿತು, ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ್ದಾಯಿತು. ಕಡೆಗೆ, ಹೆಸರಿನ ಮೂಲವು ಶಾಲೆಯ ದಾಖಲೆಯಲ್ಲಿರುವುದರಿಂದ ಶಾಲೆಯಿಂದ ಪತ್ರ ತರಬೇಕೆಂದು ಅವನನ್ನು ನಮ್ಮಲ್ಲಿಗೆ ಅಟ್ಟಿದರು.

ಅವನು ಬಂದು ನನ್ನೆದುರು ನಿಂತು ಹೇಳಿದ ಮಾತು ಇಷ್ಟೇ: "ಗುರುಗಳ, ಮನಿ ಬಿದ್ದದ್ದು ಈರಪ್ಪಂದು, ರೊಕ್ಕ ಬರೋದು ವೀರಪ್ಪಗ. ಇಬ್ಬರ್ನೂ ಒಂದ ಮಾಡಿಕೊಡ್ರಿ."

ನಾನು 1998ರ ಹತ್ತನೆಯ ತರಗತಿಯ ಪರೀಕ್ಷಾ ಪಟ್ಟಿಯನ್ನು ಕಪಾಟಿನಿಂದ ತೆಗೆಸಿದೆನು. ಪ್ರಾಥಮಿಕ ಶಾಲೆಯಿಂದ ಬಂದ ವರ್ಗಾವಣೆ ಪತ್ರದಲ್ಲಿ ಈರಪ್ಪ ಎಂದೇ ಇತ್ತು. ಪರೀಕ್ಷಾ ಪಟ್ಟಿಯಲ್ಲಿ ವೀರಪ್ಪ ಎಂದಿತ್ತು, ಮುತ್ತು ಪೋಣಿಸಿದಂತಹ ಅಕ್ಷರಗಳಲ್ಲಿ. ಅಕ್ಷರಗಳು ನನ್ನವು.

ಆಗ ನಾನು ಕೆಲಸಕ್ಕೆ ಸೇರಿ ಎರಡು ಮೂರು ವರ್ಷಗಳಾಗಿದ್ದವು. ವಿದ್ವತ್ ಪರೀಕ್ಷೆಯ ಬಿಸಿ ಇನ್ನೂ ಆರಿರಲಿಲ್ಲ. ವೀರ ಶಬ್ದಕ್ಕೆ ಬೀರ ಎಂಬ ತದ್ಭವವುಂಟು, ಈರ ಎಂಬುದಕ್ಕೆ ಲಕ್ಷಣಗ್ರಂಥದ ಬೆಂಬಲವಿಲ್ಲ. ಮಗುವಿನ ಹೆಸರು ಜೀವನಪರ್ಯಂತ ಅಪಶಬ್ದವಾಗಿ ಉಳಿಯಬಾರದು ಎಂಬುದು ಅಂದಿನ ನನ್ನ ವಾದ. ಪಟ್ಟಿ ಬರೆಯುವ ಹೊಣೆಯನ್ನು ಮುಖ್ಯೋಪಾಧ್ಯಾಯರು ನನ್ನ ಅಂದವಾದ ಬರಹಕ್ಕಾಗಿ ನನಗೆ ವಹಿಸಿದ್ದರು. ನಾನು ಬರಹದೊಂದಿಗೆ ಹೆಸರುಗಳನ್ನೂ ಅಂದಗೊಳಿಸಿದೆನು. ಯಲ್ಲವ್ವ ಎಲ್ಲಮ್ಮಳಾದಳು, ಗಂಗವ್ವ ಗಂಗಮ್ಮಳಾದಳು, ಬಸಣ್ಣೆಪ್ಪ ಬಸವಣ್ಣಪ್ಪನಾದನು. ಮಕ್ಕಳು ಸಂತೋಷಪಟ್ಟರೆಂದೇ ಭಾವಿಸಿದ್ದೆನು. ಆ ಪಟ್ಟಿಯಿಂದ ಅಂಕಪಟ್ಟಿ, ಅಂಕಪಟ್ಟಿಯಿಂದ ಆಧಾರ್, ಆಧಾರ್‌ನಿಂದ ಬ್ಯಾಂಕ್ ಖಾತೆ. ಹೊಲ ಮನೆಗಳು ಮಾತ್ರ ಅಪ್ಪ ಇಟ್ಟ ಹೆಸರಿನಲ್ಲಿಯೇ ನಿಂತವು. ಇಪ್ಪತ್ತೊಂದು ವರ್ಷ ಈ ಎರಡು ಹೆಸರುಗಳು ಯಾರಿಗೂ ತೊಂದರೆ ಕೊಡದೆ ಒಂದೇ ಮೈಯಲ್ಲಿ ವಾಸವಾಗಿದ್ದವು. ನದಿ ಉಕ್ಕಿದ ದಿನ ಬೇರೆಯಾದವು.

ಶಾಲೆಯಿಂದ ಪತ್ರವನ್ನೇನೋ ಕೊಟ್ಟೆವು. ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ 2020ರ ಮಾರ್ಚ್ ಬಂದು ದೇಶವೇ ಬಾಗಿಲು ಹಾಕಿಕೊಂಡಿತು. ಈರಪ್ಪನಿಗೆ ಮೊದಲ ಕಂತು ಬಂದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ಅವನು ಬಡ್ಡಿಯ ಸಾಲ ತಂದು ಎರಡು ಕೋಣೆಗಳನ್ನು ಎಬ್ಬಿಸಿಕೊಂಡಿದ್ದನು. ಮುದುಕಿ ತಾಯಿಯನ್ನು ತಗಡಿನ ಆಸರೆಯಲ್ಲಿ ಎರಡನೆಯ ಮಳೆಗಾಲ ಕಳೆಯಿಸಲು ಅವನಿಗೆ ಮನಸ್ಸಾಗಲಿಲ್ಲ. ಆ ಬಡ್ಡಿಯನ್ನು ಯಾವ ತಂತ್ರಾಂಶವೂ ಲೆಕ್ಕ ಹಿಡಿದಿಲ್ಲ.

ತಪ್ಪು ನನ್ನದೆಂದು ಒಪ್ಪಿಕೊಂಡೆನೆಂದ ಮಾತ್ರಕ್ಕೆ ವ್ಯವಸ್ಥೆಯ ತಪ್ಪು ತೊಳೆದುಹೋಗುವುದಿಲ್ಲ. ನನ್ನಂತಹ ಅತ್ಯುತ್ಸಾಹಿ ಪಂಡಿತನಿಲ್ಲದ ಊರುಗಳಲ್ಲಿಯೂ ಹೆಸರುಗಳು ಒಡೆದಿವೆ. ಇದಕ್ಕೆ ಮೂಲಕಾರಣ ಲಿಪಿಯಲ್ಲಿದೆ. ನಮ್ಮ ಪಹಣಿ ಕನ್ನಡದಲ್ಲಿ, ಬ್ಯಾಂಕಿನ ಪುಸ್ತಕ ರೋಮನ್ ಅಕ್ಷರಗಳಲ್ಲಿ, ಆಧಾರ್ ಚೀಟಿ ಎರಡರಲ್ಲಿಯೂ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಳಕಾರ, ಕ್ಷಳ, ಕುಳ, ರಳಗಳೆಂದು ಒಂದು ಧ್ವನಿಯ ಸುತ್ತ ಎಷ್ಟು ಸೂಕ್ಷ್ಮವಾದ ವಿವೇಚನೆ ಮಾಡಿದ್ದಾನೆಂಬುದನ್ನು ನನ್ನ ವಿದ್ಯಾರ್ಥಿಗಳು ಆಕಳಿಸುತ್ತಲಾದರೂ ಕೇಳಿದ್ದಾರೆ. ರೋಮನ್ ಲಿಪಿಗೆ ಲ ಳ ಎಂಬ ಎರಡರ ಭೇದವೇ ಇಲ್ಲ. ನ ಣ ಒಂದೇ, ತ ಟ ಒಂದೇ, ಹ್ರಸ್ವ ದೀರ್ಘಗಳು ಬರೆಯುವವನ ಇಷ್ಟಕ್ಕೆ ಬಿಟ್ಟವು. ಈರಪ್ಪನೆಂಬ ಹೆಸರನ್ನು ಒಬ್ಬನು ಐ ಅಕ್ಷರದಿಂದ ಆರಂಭಿಸುತ್ತಾನೆ, ಇನ್ನೊಬ್ಬನು ಎರಡು ಇ ಹಾಕುತ್ತಾನೆ. ಯಲ್ಲವ್ವಳಿಗೆ ಒಂದು ಕಡೆ ವೈ, ಇನ್ನೊಂದು ಕಡೆ ಇ. ಕೊನೆಯ 'ವ್ವ' ಕಾರಕ್ಕೆ ಒಬ್ಬರು ಎರಡು ವಿ, ಮತ್ತೊಬ್ಬರು ಎರಡು ಡಬ್ಲ್ಯೂ. ಹೀಗೆ ಕೆಟ್ಟ ಹೆಸರನ್ನು ಯಂತ್ರವು ಪುನಃ ಕನ್ನಡಕ್ಕೆ ತಿರುಗಿಸುವುದೂ ಉಂಟು. ಕಲ್ಲಪ್ಪ ಎಂಬ ಸದ್ಗೃಹಸ್ಥರ ಹೆಸರು ಕಳ್ಳಪ್ಪ ಎಂದು ಅಚ್ಚಾಗಿ ಬಂದುದನ್ನು ನಾನು ನೋಡಿದ್ದೇನೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಇಂತಹ ಎರಡು ರೂಪಗಳನ್ನು ಯಂತ್ರವು ಅಕ್ಷರಕ್ಕೆ ಅಕ್ಷರ ಹೋಲಿಸಿ, ಸಾಮ್ಯವು ಇಷ್ಟು ಶೇಕಡಾಕ್ಕಿಂತ ಕಡಿಮೆಯೆಂದು ಹಿಂದಕ್ಕೆ ತಳ್ಳುತ್ತದೆ. ಹಳ್ಳಿಯ ಯಾವ ಅವ್ವನಾದರೂ ಕ್ಷಣಮಾತ್ರದಲ್ಲಿ ಒಂದೇ ಎಂದು ಹೇಳಬಲ್ಲ ಹೆಸರುಗಳು ಅವು.

ಇಲ್ಲಿ ಒಂದು ವಿನೋದದ ಸಂಗತಿಯನ್ನು ಹೇಳದೆ ಇರಲಾರೆ. ಜಗತ್ತಿನ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ಒಗ್ಗಿಸುವ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು. ನಮ್ಮ ಹಳಗನ್ನಡದ ೞ ಅಕ್ಷರವನ್ನು ಆ ಪಟ್ಟಿಗೆ ಸೇರಿಸುವಾಗ ಯಾರ ಅನವಧಾನದಿಂದಲೋ ಅದಕ್ಕೆ 'ಫ' ಎಂಬ ಹೆಸರು ಬಿದ್ದಿದೆ. ತಪ್ಪೆಂದು ಅವರೂ ಒಪ್ಪಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಬದಲಿಸಿದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಆದಕಾರಣ ಅವರು ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದುದನ್ನು ಅದರ ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದ್ದಾರೆ. ಎಂದರೆ ನಮ್ಮ ೞಕಾರವೂ ಈರಪ್ಪನ ಪಾಡನ್ನೇ ಪಟ್ಟಿದೆ. ಆದರೆ ಅದಕ್ಕೆ ಪರಿಹಾರ ದೊರೆತಿದೆ.

ಆ ಪರಿಹಾರವು ನಮಗೆ ಹೊಸತಲ್ಲ. ನಮ್ಮ ಹಳೆಯ ತಲಾಠಿಗಳು, ಅವರಲ್ಲಿ ಬೇರೆ ಯಾವ ದೋಷಗಳಿದ್ದರೂ ಇರಲಿ, ಒಂದು ಜಾಣತನದ ಪದವನ್ನು ಬಳಸುತ್ತಿದ್ದರು: 'ಉರ್ಫ್'. ಈರಪ್ಪ ಉರ್ಫ್ ವೀರಪ್ಪ ಬಿನ್ ಇಂಥವರು ಎಂದು ಬರೆದರೆ ಮುಗಿಯಿತು. ನ್ಯಾಯಾಲಯವೂ ಒಪ್ಪುತ್ತಿತ್ತು, ಊರೂ ಒಪ್ಪುತ್ತಿತ್ತು. ಮನುಷ್ಯನಿಗೆ ಮನೆಯಲ್ಲಿ ಒಂದು, ಊರಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರಿರುವುದು ವಂಚನೆಯ ಲಕ್ಷಣವಲ್ಲ, ಬದುಕಿನ ಲಕ್ಷಣವೆಂದು ಆ ಪದವು ಬಲ್ಲದು. ಈರಪ್ಪನ ಮುಂದೆ ಬಂದ ನಮೂನೆಯಲ್ಲಿ ಹೆಸರಿಗೆ ಅಂಕಣವಿತ್ತು, ತಂದೆಯ ಹೆಸರಿಗಿತ್ತು, ಖಾತೆಯ ಸಂಖ್ಯೆಗಿತ್ತು; ಉರ್ಫ್ ಎಂಬುದಕ್ಕೆ ಜಾಗವಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಆಪತ್ತಿನ ಕಾಲದ ಪ್ರತಿಯೊಂದು ಸರ್ಕಾರಿ ತಂತ್ರಾಂಶದಲ್ಲಿಯೂ ಈ ಒಂದು ಅಂಕಣವನ್ನು ಕಡ್ಡಾಯವಾಗಿ ಇಡಬೇಕು. ಹೆಸರು ಹೊಂದದಿದ್ದಾಗ ಅದನ್ನು ತುಂಬಿ ಸಹಿ ಮಾಡುವ ಅಧಿಕಾರವನ್ನು ಊರಿನಲ್ಲಿಯೇ ಇರುವ ಗ್ರಾಮ ಆಡಳಿತಾಧಿಕಾರಿಗೆ ಕೊಡಬೇಕು. ಹಣ ಮೊದಲು ಹೋಗಬೇಕು, ದಾಖಲೆ ಅದರ ಹಿಂದೆ ನಡೆದುಕೊಂಡು ಬರಬೇಕು. ಹೋಲಿಕೆಯನ್ನಾದರೂ ಕನ್ನಡ ಅಕ್ಷರಗಳಲ್ಲಿಯೇ ಮಾಡುವುದು ಯುಕ್ತ. ನಮ್ಮ ಲಿಪಿಗೆ ಯಂತ್ರದಲ್ಲಿ ಸ್ಥಾನ ದೊರೆತು ಮೂವತ್ತು ವರ್ಷಗಳು ಮೀರಿದ ಮೇಲೂ ಹೆಸರನ್ನು ಪರದೇಶದ ಲಿಪಿಗೆ ಒಯ್ದು ಅಲ್ಲಿ ತೂಗುವುದು ಏತಕ್ಕೆ?

ಅಧಿಕಾರದಲ್ಲಿರುವ ಹಳೆಯ ಶಿಷ್ಯನೊಬ್ಬನ ಮುಂದೆ ಈ ಮಾತನ್ನಾಡಿದಾಗ ಅವನು, "ಗುರುಗಳೇ, ಅಷ್ಟು ಸಡಿಲ ಬಿಟ್ಟರೆ ಬೀಳದ ಮನೆಗೂ ಹಣ ಹೋಗುತ್ತದೆ" ಎಂದನು. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಬೀಳದ ಮನೆಗೆ ಹಣ ಹೋದದ್ದನ್ನೂ ನಾವು ಕಂಡವರೇ. ಆದರೆ ಬಿದ್ದ ಗೋಡೆಯು ಕಣ್ಣಿಗೆ ಕಾಣುವ ವಸ್ತು. ಅದರ ಚಿತ್ರವು ಸ್ಥಳದ ಗುರುತಿನೊಡನೆ ಯಂತ್ರದಲ್ಲಿಯೇ ಇದೆ. ಕಣ್ಣಿಗೆ ಕಾಣುವುದನ್ನು ಬಿಟ್ಟು ಒಂದು ವಕಾರವನ್ನು ಹಿಡಿದು ನಿಲ್ಲುವುದು ಜಾಗರೂಕತೆಯಲ್ಲ. ಮೋಸದಿಂದ ಪಡೆದವನಿಂದ ಹಣವನ್ನು ನಾಳೆ ವಸೂಲು ಮಾಡಬಹುದು, ಅದಕ್ಕೆ ಕಾನೂನಿದೆ. ತಗಡಿನ ಕೆಳಗೆ ಕಳೆದ ಮಳೆಗಾಲವನ್ನು ಮುದುಕಿಗೆ ಯಾರು ಹಿಂದಿರುಗಿಸುತ್ತಾರೆ? ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂದೇ ಪ್ರತ್ಯೇಕವಾದ ಭಾಗವಿದೆ. ಕ್ಷಾಮಕಾಲದಲ್ಲಿ ವಿಶ್ವಾಮಿತ್ರನಂತಹ ಋಷಿಯೂ ನಿಷಿದ್ಧವಾದುದನ್ನು ತಿನ್ನಲು ಮುಂದಾದ ಕಥೆಯನ್ನು ಅಲ್ಲಿ ಭೀಷ್ಮನು ಹೇಳುತ್ತಾನೆ. ಆಪತ್ತಿನಲ್ಲಿ ನಿಯಮವು ಸಡಿಲಗೊಳ್ಳಬೇಕೆಂಬುದು ನಮ್ಮ ಪ್ರಾಚೀನರ ತಿಳಿವಳಿಕೆ. ನಮ್ಮ ತಂತ್ರಾಂಶಗಳಲ್ಲಿ ಇದು ತಿರುಗುಮುರುಗಾಗಿದೆ: ಸುಭಿಕ್ಷದ ಕಾಲದಲ್ಲಿ ಯಾರೂ ಕೇಳದ ಅಕ್ಷರವನ್ನು ನೆರೆ ಬಂದ ದಿನ ಕೇಳುತ್ತಾರೆ.

ನೆರೆಯ ಆ ವಾರ ಶ್ರೀಮಠದ ಪ್ರಸಾದ ನಿಲಯದಲ್ಲಿ ಊಟ ಮಾಡಿದವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಹೆಸರು ಕೇಳುವ ರೂಢಿಯೇ ಇಲ್ಲ. ಸರ್ಕಾರವೂ ಹಾಗೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕು, ಲೆಕ್ಕಕ್ಕೆ ಹೆಸರು ಬೇಕು. ಹೆಸರನ್ನು ಕೇಳುವ ಕಾಲ ಯಾವುದೆಂಬುದಷ್ಟೇ ನನ್ನ ಪ್ರಶ್ನೆ. 2024ರಲ್ಲಿ ಕಂದಾಯ ಇಲಾಖೆಯವರು ಪಹಣಿಗಳಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಮನೆಮನೆಗೆ ಹೋಗಿ ಕೈಗೊಂಡರು. ಅದರಲ್ಲಿ ಜನರಿಗೆ ಕಿರಿಕಿರಿಯಾದದ್ದು ನಿಜ. ಆದರೂ ಅದು ಸರಿಯಾದ ಕಾಲದಲ್ಲಿ ನಡೆದ ಕೆಲಸವೆಂದು ನಾನು ಮೆಚ್ಚುತ್ತೇನೆ. ಬಾವಿ ತೋಡುವುದು ಬಾಯಾರುವ ಮೊದಲೇ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ರಚಿಸುವ ಉದ್ಯೋಗದಲ್ಲಿದ್ದಾರೆ. ನಮ್ಮ ಶಾಲೆಗೆ ಗಣಕಯಂತ್ರದ ಕೊಠಡಿಯನ್ನು ಕಟ್ಟಿಸಿಕೊಟ್ಟ ದಾನಿಗಳಲ್ಲಿಯೂ ಅವರು ಇದ್ದಾರೆ. ಅವರಲ್ಲಿ ನನ್ನದೊಂದು ವಿಜ್ಞಾಪನೆ: ಯಾವ ಕಚೇರಿಗಾಗಿಯಾದರೂ ಜನರ ಹೆಸರು ಬರೆಯುವ ನಮೂನೆಯನ್ನು ರಚಿಸುವ ಸಂದರ್ಭ ತಮಗೆ ಬಂದಲ್ಲಿ, ತಮ್ಮ ಅಜ್ಜಿಯ ಹೆಸರನ್ನು ಅದರಲ್ಲಿ ಬರೆದು ನೋಡಿರಿ, ಅದು ಹಿಡಿಸದಿದ್ದರೆ ನಮೂನೆಯನ್ನು ತಿದ್ದಿರಿ, ಅಜ್ಜಿಯನ್ನಲ್ಲ. ಶಿಕ್ಷಕ ಬಂಧುಗಳಿಗೂ ಒಂದು ಮಾತು. ಮಗುವಿನ ಹೆಸರು ಸರ್ಕಾರದ ಕಾಗದದ ಮೇಲೆ ನೆಲೆಯೂರುವುದು ಬಹುಮಟ್ಟಿಗೆ ನಮ್ಮ ಲೇಖನಿಯಿಂದಲೇ. ಇಂದು ಅದೇ ಹೆಸರು ಅಂದಂದೇ ಇಲಾಖೆಯ ಜಾಲತಾಣವನ್ನು ಸೇರುತ್ತದೆ. ಈರಪ್ಪ ಬಂದುಹೋದ ಮೇಲೆ ದಾಖಲಾತಿಯ ಸಮಯದಲ್ಲಿ ನಾನು ವ್ಯಾಕರಣವನ್ನು ಹೊರಗೆ ಬಿಟ್ಟು ಕುಳಿತುಕೊಳ್ಳುತ್ತೇನೆ. ತಾಯಿಯಾದವಳು ಹೆಸರನ್ನು ಹೇಳಬೇಕು, ಅವಳು ಹೇಳಿದಂತೆ ನಾನು ಬರೆಯಬೇಕು, ಬರೆದುದನ್ನು ಅವಳಿಗೆ ಓದಿ ಹೇಳಬೇಕು, ಪಡಿತರ ಚೀಟಿಯೊಡನೆ ಹೋಲಿಸಬೇಕು. ರೋಮನ್ ಅಕ್ಷರಗಳನ್ನು ತಂದೆಯ ಹೊಲದ ಮತ್ತು ಬ್ಯಾಂಕಿನ ಕಾಗದಗಳನ್ನು ನೋಡಿಯೇ ತುಂಬಬೇಕು. ಒಂದು ಮಗುವಿಗೆ ಕಾಲು ಗಂಟೆ ಹಿಡಿಯುತ್ತದೆ. ಸಾಲಿನಲ್ಲಿ ನಿಂತ ಪಾಲಕರು ಗೊಣಗುತ್ತಾರೆ.

ಕಳೆದ ಬೇಸಗೆ ರಜೆಯಲ್ಲಿ ನಾನು ಬರೆದ ಹಳೆಯ ಪರೀಕ್ಷಾ ಪಟ್ಟಿಗಳನ್ನೆಲ್ಲ ವರ್ಗಾವಣೆ ಪತ್ರಗಳೊಡನೆ ಕೂಡಿಸಿ ನೋಡಿದೆನು. 1996ರಿಂದ 2004ರವರೆಗಿನ ಒಂಬತ್ತು ವರ್ಷಗಳಲ್ಲಿ ನಾನು 'ಶುದ್ಧಿ' ಮಾಡಿದ ಹೆಸರುಗಳು 41. ಅವರಲ್ಲಿ 17 ಜನರನ್ನು ಹುಡುಕಿ ಮಾತನಾಡಿಸಿದ್ದೇನೆ. ಆರು ಜನ ಹೆಸರಿನ ತೊಡಕನ್ನು ಈಗಾಗಲೇ ಅನುಭವಿಸಿದವರು. ಉಳಿದ 24 ಜನರ ವಿಳಾಸ ನನ್ನಲ್ಲಿಲ್ಲ. ಆ ವರ್ಷಗಳಲ್ಲಿ ನಮ್ಮಲ್ಲಿ ಹತ್ತನೆಯ ತರಗತಿ ಓದಿದವರು, ಮನೆಯಲ್ಲಿ ಕರೆಯುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ವ್ಯತ್ಯಾಸವಿದ್ದಲ್ಲಿ, ಪಹಣಿ ಮತ್ತು ಆಧಾರ್ ಪ್ರತಿಗಳೊಂದಿಗೆ ಶಾಲೆಯ ಕಚೇರಿಗೆ ಬರಬೇಕು. ಎರಡೂ ಹೆಸರುಗಳು ಒಬ್ಬರವೇ ಎಂಬ ಪತ್ರವನ್ನು ಮುಖ್ಯೋಪಾಧ್ಯಾಯರ ಸಹಿ ಮುದ್ರೆಗಳೊಡನೆ ಕೊಡುವ ಏರ್ಪಾಡಾಗಿದೆ. ಪತ್ರವನ್ನು ನಾನೇ ನನ್ನ ಕೈಯಾರೆ ಬರೆಯುತ್ತೇನೆ. ಮಳೆಗಾಲ ಹಿಡಿಯುವ ಮುಂಚೆ ಬರುವುದು ಒಳ್ಳೆಯದು.